ಹೇಮಾವತಿಯ ಹಾದಿಯಲ್ಲಿ ಒಂದು ಓಟಿನ ಲೆಕ್ಕ

ನಮ್ಮಲ್ಲಿ ಇಬ್ಬರು ಅಪರಿಚಿತರು ಮಾತಿಗಿಳಿದರೆ ಮೊದಲು ಹುಟ್ಟುವ ಪ್ರಶ್ನೆ ‘ನಿಮ್ಮದು ಯಾವೂರು?’ ಎಂಬುದು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬಾಳಿದವರೂ ಇದಕ್ಕೆ ಬೆಂಗಳೂರು ಎಂದು ಉತ್ತರಿಸುವುದಿಲ್ಲ. ಗುಬ್ಬಿ, ಕುಣಿಗಲ್, ಮಾಗಡಿ, ಮಂಡ್ಯ ಎನ್ನುತ್ತಾರೆ. ಚುನಾವಣೆ ಹತ್ತಿರ ಬಂದಾಗ ಇದೇ ಪ್ರಶ್ನೆ ‘ನಿಮ್ಮ ಓಟು ಎಲ್ಲಿದೆ?’ ಎಂಬ ಇನ್ನೊಂದು ರೂಪ ತಳೆಯುತ್ತದೆ. ಅನ್ನ ಸಂಪಾದಿಸುವುದು ಒಂದು ಕ್ಷೇತ್ರದಲ್ಲಿ, ಮತ ಚಲಾಯಿಸುವುದು ಮತ್ತೊಂದು ಕ್ಷೇತ್ರದಲ್ಲಿ ಎಂಬ ಇಬ್ಬಂದಿ ಬದುಕು ನಮ್ಮ ರಾಜ್ಯದ ಅಸಂಖ್ಯ ಕುಟುಂಬಗಳ ಪಾಲಿಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದನ್ನು ರಾಜಕೀಯದ ಪ್ರಶ್ನೆಯೆಂದು ಯಾರೂ ಪರಿಗಣಿಸುವುದೇ ಇಲ್ಲ.

ನಾನು ವಾಸಿಸುವುದು ಬೆಂಗಳೂರಿನಲ್ಲಿ. ನನ್ನ ಹೆಸರು ಮತದಾರರ ಪಟ್ಟಿಯಲ್ಲಿರುವುದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ, ಅಂದರೆ ಚಂದ್ರಶೇಖರಪುರದಲ್ಲಿ. 2023ರ ಮೇ 10ರಂದು ನನ್ನ ಜೀವನದ ಮೊದಲ ಮತವನ್ನು ಅಲ್ಲಿಯೇ ಹಾಕಿದೆ. 2025ರ ಜೂನ್ ತಿಂಗಳಲ್ಲಿ ಅಕ್ಕನ ಮದುವೆಯ ಲಗ್ನಪತ್ರಿಕೆ ಹಂಚಲು ಅಪ್ಪ, ಅಮ್ಮ, ಅಕ್ಕ, ತಮ್ಮ ಮತ್ತು ನಾನು ಕಾರಿನಲ್ಲಿ ಕುಣಿಗಲ್, ಸಿ.ಎಸ್. ಪುರ, ಗುಬ್ಬಿ, ತುಮಕೂರುಗಳನ್ನು ಸುತ್ತಿ ಬಂದೆವು. ಆಷಾಢ ಹುಟ್ಟುವ ಮುಂಚೆ ಪತ್ರಿಕೆ ಹಂಚಿ ಮುಗಿಸಬೇಕೆಂಬುದು ಅಪ್ಪನ ಹಟ. ಎರಡು ದಿನಗಳ ಆ ತಿರುಗಾಟದಲ್ಲಿ ಮದುವೆಯ ಮಾತಿಗಿಂತ ನೀರಿನ ಮಾತೇ ಹೆಚ್ಚಾಯಿತು. ಕಾಕತಾಳೀಯವೆಂಬಂತೆ, ನಮ್ಮ ಬಂಧುಬಳಗದ ನಕ್ಷೆಯೂ ಹೇಮಾವತಿ ಕಾಲುವೆಯ ನಕ್ಷೆಯೂ ಬಹುಮಟ್ಟಿಗೆ ಒಂದೇ.

ಕಾಲುವೆಯ ಕೊನೆಯಲ್ಲಿ

ಬೆಂಗಳೂರಿನಿಂದ ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದರೆ ಮೊದಲು ಎದುರಾಗುವ ದೊಡ್ಡ ಊರು ಕುಣಿಗಲ್. ಈ ಊರಿನ ಕೆರೆಯನ್ನು ಕಣ್ಣಾರೆ ನೋಡದವರಿಗೂ ಅದರ ಮೇಲಿನ ಜನಪದ ಗೀತೆ ಗೊತ್ತು. ನನ್ನ ಸೋದರತ್ತೆ ಸಿ.ಎಸ್. ಪುರದ ಮಗಳು. ಮದುವೆಯಾಗಿ ಕುಣಿಗಲ್ ತಾಲ್ಲೂಕಿಗೆ ಬಂದು ಮೂವತ್ತು ವರ್ಷಗಳಾದವು. ಪತ್ರಿಕೆ ಕೊಟ್ಟು, ಕುಂಕುಮ ಇಟ್ಟು, ತಿಂಡಿಗೆ ಕುಳಿತ ಹತ್ತು ನಿಮಿಷದೊಳಗೆ ಮಾತು ಲಿಂಕ್ ಕೆನಾಲ್‌ನತ್ತ ಹೊರಳಿತು.

ವಿವಾದದ ಹಿನ್ನೆಲೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳಬೇಕು. ಹೇಮಾವತಿ ಕಾವೇರಿಯ ಉಪನದಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಅದಕ್ಕೆ ಜಲಾಶಯ ಕಟ್ಟಲಾಗಿದೆ. ಅಲ್ಲಿಂದ ಎಡದಂಡೆ ನಾಲೆಯ ಮೂಲಕ ಹೊರಟ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗವನ್ನು ಹಾದು ತುಮಕೂರು ಶಾಖಾ ನಾಲೆಗೆ ಬರುತ್ತದೆ. ಜಿಲ್ಲೆಯ ಹಲವು ತಾಲ್ಲೂಕುಗಳನ್ನು ಬಳಸಿಕೊಂಡು ಹರಿಯುವ ಈ ನಾಲೆಯ ಕೊನೆಯ ಭಾಗದಲ್ಲಿದೆ ಕುಣಿಗಲ್. ಕಾಲುವೆಯ ಕೊನೆಯಲ್ಲಿರುವವರಿಗೆ ನೀರು ಕಡಿಮೆ ಎಂಬುದು ಭಾರತದ ಎಲ್ಲ ನೀರಾವರಿ ಯೋಜನೆಗಳ ಹಳೆಯ ಕಥೆ. ಮೇಲಿನ ತೂಬುಗಳು ಕುಡಿದು ಉಳಿದದ್ದು ಮಾತ್ರ ಕೆಳಗಿನವರಿಗೆ. ಆದ್ದರಿಂದ ಗುಬ್ಬಿ ತಾಲ್ಲೂಕಿನಲ್ಲಿ, ನಾಲೆಯ ಸುಮಾರು 70ನೇ ಕಿಲೋಮೀಟರ್ ಬಳಿಯಿಂದ ಸುಮಾರು 35 ಕಿಲೋಮೀಟರ್ ಉದ್ದದ ನೇರ ಮಾರ್ಗದಲ್ಲಿ ದೊಡ್ಡ ಕೊಳವೆಗಳ ಮೂಲಕ ಕುಣಿಗಲ್ ಕಡೆಗೆ ನೀರು ಒಯ್ಯುವ ಯೋಜನೆ ರೂಪುಗೊಂಡಿತು. ಅದೇ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್. 2018-19ರ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಚಾಲನೆ ಪಡೆದು, ನಂತರ ಬಂದ ಸರ್ಕಾರ ಕೈಬಿಟ್ಟು, 2023ರ ಬಳಿಕ ಮತ್ತೆ ಜೀವ ಪಡೆದ ಈ ಯೋಜನೆಯ ವೆಚ್ಚ ಸುಮಾರು ಒಂದು ಸಾವಿರ ಕೋಟಿ ರೂಪಾಯಿ. ಮಾಗಡಿಯವರೆಗೂ ಇದರ ನೀರು ಹೋಗಲಿದೆ ಎಂಬುದು ಬೆಂಕಿಗೆ ತುಪ್ಪ ಸುರಿಯಿತು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ, ನಿಷೇಧಾಜ್ಞೆಯ ನಡುವೆಯೂ ರೈತರು, ಮಠಾಧೀಶರು, ಶಾಸಕರು ಸೇರಿ ದೊಡ್ಡ ಪ್ರತಿಭಟನೆ ನಡೆಸಿದರು. ನಾವು ಪತ್ರಿಕೆ ಹಂಚಲು ಹೊರಟಾಗ ಆ ಬಿಸಿ ಇನ್ನೂ ಆರಿರಲಿಲ್ಲ.

ಅತ್ತೆಯ ವಾದ ಸರಳ. ‘ನಮಗೇನು ಹೊಸದಾಗಿ ನೀರು ಕೊಡಿ ಅಂತ ಕೇಳ್ತಿದ್ದೀವಾ? ಕಾಗದದ ಮೇಲೆ ನಮಗೆ ಅಂತ ಬರೆದಿರೋದನ್ನ ನಮ್ಮ ಕೆರೆಗೆ ತಲುಪಿಸಿ ಅಂತಿದ್ದೀವಿ. ಮೇಲ್ಗಡೆಯವರು ಬಿಟ್ಟರೆ ತಾನೆ ಕೆಳಕ್ಕೆ ಬರೋದು?’ ಎಂದರು. ಇಲ್ಲಿ ‘ಮೇಲ್ಗಡೆಯವರು’ ಎಂದರೆ ಅವರ ತವರು. ಅಪ್ಪ ನಕ್ಕು, ‘ಮೇಲ್ಗಡೆಯವನು ನಾನೇ ಕಣಮ್ಮ’ ಎಂದರು. ಅತ್ತೆ ನಗಲಿಲ್ಲ. ‘ನೀನು ಬೆಂಗಳೂರಿನವನು ಬಿಡಣ್ಣ, ನಿನಗೆ ನಲ್ಲಿ ತಿರುಗಿಸಿದರೆ ಬರುತ್ತೆ’ ಎಂದುಬಿಟ್ಟರು. ಇಡೀ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ರಾಜಕೀಯ ಮಾತು ಅದೇ ಎಂದು ಈಗ ಅನಿಸುತ್ತದೆ.

ಒಂದು ಹೋಬಳಿ, ಎರಡು ವಿಳಾಸ

ಸಿ.ಎಸ್. ಪುರದಲ್ಲಿ ಅಜ್ಜಿ ಮತ್ತು ಚಿಕ್ಕಪ್ಪ ಇದ್ದಾರೆ. ತೆಂಗು, ಅಡಿಕೆ, ಒಂದಿಷ್ಟು ರಾಗಿ ಹೊಲ. ಈ ಭಾಗದ ಬಹುತೇಕ ಮನೆಗಳ ಆಸ್ತಿಯ ವಿವರ ಇಷ್ಟೆ. ಚಿಕ್ಕಪ್ಪನ ತೋಟದ ಎರಡು ಕೊಳವೆಬಾವಿಗಳು ಬತ್ತಿಹೋಗಿವೆ. ಮೂರನೆಯದರಲ್ಲಿ ನೀರು ನಿಲ್ಲುವುದು ಕೆರೆಗೆ ಹೇಮಾವತಿ ಹರಿದ ವರ್ಷ ಮಾತ್ರ. ಅವರ ದೃಷ್ಟಿಯಲ್ಲಿ ಲಿಂಕ್ ಕೆನಾಲ್ ಎಂದರೆ ಗುರುತ್ವದ ಬಲದಿಂದ ಎಲ್ಲರ ಹೊಲ ಮುಟ್ಟಿಕೊಂಡು ಸಾಗುವ ಕಾಲುವೆಯನ್ನು ಬಿಟ್ಟು, ಯಾರ ಹೊಲವನ್ನೂ ಮುಟ್ಟದ ಕೊಳವೆಯಲ್ಲಿ ನೀರನ್ನು ನೆಲದಡಿಯಿಂದ ಕದ್ದು ಸಾಗಿಸುವುದು. ‘ಕಾಲುವೆ ಆದರೆ ಕಣ್ಣಿಗೆ ಕಾಣುತ್ತೆ, ಪೈಪು ಕಾಣಲ್ಲ. ಎಷ್ಟು ಹೋಯ್ತು ಅಂತ ಯಾರು ಲೆಕ್ಕ ಇಡ್ತಾರೆ?’ ಎಂಬುದು ಅವರ ಆತಂಕ. ಅದನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭವಲ್ಲ. ತೆಂಗಿನ ಗಿಡ ಒಂದು ಬೆಳೆಯಲ್ಲ, ಒಂದು ತಲೆಮಾರು. ಒಂದು ಬೇಸಿಗೆ ಒಣಗಿದರೆ ಮರುವರ್ಷ ಬಿತ್ತಿ ಬೆಳೆಯುವುದಕ್ಕೆ ಅದು ರಾಗಿಯಲ್ಲ.

ಬೆಲೆಯ ಅನಿಶ್ಚಿತತೆಯೂ ಈ ಆತಂಕದ ಹಿಂದಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಆ ವರ್ಷ ದರ ಎಂಟು ಸಾವಿರದ ಆಸುಪಾಸಿಗೆ ಕುಸಿದಾಗ ಬೆಳೆಗಾರರು ಬೀದಿಗಿಳಿದರು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ದರ ಕುಸಿದಾಗ ಮಾರಲು ಕಾಯಿ ಇತ್ತು, ದರ ಏರಿದಾಗ ಮರದಲ್ಲಿ ಕಾಯಿ ಇರಲಿಲ್ಲ ಎಂದು ಚಿಕ್ಕಪ್ಪ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಬಳಲಿಕೆಯೇ ಹೆಚ್ಚಾಗಿತ್ತು.

ಸಿ.ಎಸ್. ಪುರದವರ ಇನ್ನೊಂದು ವಿಶೇಷ ಅವರ ಎರಡು ವಿಳಾಸ. ಪಹಣಿಗೆ, ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ ಸಂಬಂಧಿಸಿದ ತಾಲ್ಲೂಕು ಕೇಂದ್ರ ಗುಬ್ಬಿ. ಆದರೆ ಶಾಸಕರು ತುರುವೇಕೆರೆ ಕ್ಷೇತ್ರದವರು. 2001ರ ಜನಗಣತಿಯ ಆಧಾರದ ಮೇಲೆ ನಡೆದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಈ ಹೋಬಳಿ ತುರುವೇಕೆರೆ ವಿಧಾನಸಭಾ ಕ್ಷೇತ್ರದ ಪಾಲಾಯಿತು. ಹೊಸ ಗಡಿಗಳ ಪ್ರಕಾರ ದೇಶದಲ್ಲೇ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ಆಗ ತುಮಕೂರು ಜಿಲ್ಲೆಯ 13 ಕ್ಷೇತ್ರಗಳು 11ಕ್ಕೆ ಇಳಿದವು. ಹುಲಿಯೂರುದುರ್ಗ, ಬೆಳ್ಳಾವಿ, ಕಳ್ಳಂಬೆಳ್ಳ ಕ್ಷೇತ್ರಗಳು ಹೆಸರೂ ಉಳಿಯದಂತೆ ಮಾಯವಾದವು. ಲೋಕಸಭೆಯ ಲೆಕ್ಕ ಇನ್ನೂ ಸೋಜಿಗದ್ದು. ಒಂದೇ ಜಿಲ್ಲೆಯ ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ, ಉಳಿದವು ತುಮಕೂರಿಗೆ ಸೇರಿದವು.

ಇದನ್ನು ಆಡಳಿತದ ಅನುಕೂಲವೆಂದು ಬಿಡಬಹುದಿತ್ತು, ನೀರಿನ ಪ್ರಶ್ನೆ ಇಲ್ಲದಿದ್ದರೆ. ಅತ್ತೆಯ ಮನೆಯೂ ಚಿಕ್ಕಪ್ಪನ ಮನೆಯೂ ಒಂದೇ ಜಿಲ್ಲೆ, ಒಂದೇ ನಾಲೆ. ಆದರೆ ಇಬ್ಬರ ಶಾಸಕರೂ ಬೇರೆ, ಸಂಸದರೂ ಬೇರೆ. ಒಬ್ಬರ ಪ್ರತಿನಿಧಿ ಲಿಂಕ್ ಕೆನಾಲ್ ಬೇಕೆಂದರೆ ಗೆಲ್ಲುತ್ತಾರೆ, ಇನ್ನೊಬ್ಬರ ಪ್ರತಿನಿಧಿ ಬೇಡವೆಂದರೆ ಗೆಲ್ಲುತ್ತಾರೆ. ಅಣ್ಣತಂಗಿಯರ ಎರಡು ಮನೆಗಳ ಮತವನ್ನೂ ಒಟ್ಟಿಗೆ ಕೇಳಬೇಕಾದ, ಆದ್ದರಿಂದ ಇಬ್ಬರಿಗೂ ಒಪ್ಪುವ ಮಾತನ್ನು ಹುಡುಕಲೇಬೇಕಾದ ಚುನಾಯಿತ ಪ್ರತಿನಿಧಿ ಯಾರೂ ಇಲ್ಲ.

ಹಾಗೆ ನೋಡಿದರೆ ಅಂಥದ್ದೊಂದು ವೇದಿಕೆ ಇರಬೇಕಾಗಿತ್ತು. ಅದರ ಹೆಸರು ಜಿಲ್ಲಾ ಪಂಚಾಯಿತಿ. 1983ರ ಕಾಯ್ದೆ ಮತ್ತು ಅಬ್ದುಲ್ ನಜೀರ್ ಸಾಬ್ ಅವರ ಕನಸಿನ ಫಲವಾಗಿ ಸ್ಥಳೀಯ ಅಧಿಕಾರದ ವಿಷಯದಲ್ಲಿ ದೇಶಕ್ಕೆ ಮಾದರಿಯಾಗಿದ್ದ ರಾಜ್ಯ ನಮ್ಮದು. ಸಂವಿಧಾನದ 73ನೇ ತಿದ್ದುಪಡಿಗೆ ಮೊದಲೇ, 1987ರಲ್ಲಿ, ಇಲ್ಲಿ ಮಹಿಳೆಯರಿಗೆ ಮೀಸಲಾತಿಯೊಂದಿಗೆ ಪಂಚಾಯಿತಿ ಚುನಾವಣೆಗಳು ನಡೆದಿದ್ದವು. ಅಂಥ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ, ನಮ್ಮ ಪ್ರವಾಸದ ಹೊತ್ತಿಗೆ ನಾಲ್ಕು ವರ್ಷಗಳಾದರೂ ಮತ್ತೆ ಚುನಾವಣೆ ನಡೆದಿರಲಿಲ್ಲ. ಕುಣಿಗಲ್ಲಿನವರೂ ಗುಬ್ಬಿಯವರೂ ತುರುವೇಕೆರೆಯವರೂ ಒಂದೇ ಸಭಾಂಗಣದಲ್ಲಿ ಕುಳಿತು ಜಗಳವಾಡಬೇಕಾದ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಆಡಲು ಜಾಗವಿಲ್ಲದ ಜಗಳ ಸುಂಕಾಪುರದ ಬಯಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಕಾರಿನೊಳಗಿನ ಶಾಸನಸಭೆ

ಮಾರನೆಯ ದಿನ ಗುಬ್ಬಿ. ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಊರು. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ ಈ ಕಡೆಯ ಹುಡುಗರ ಕನಸಿಗೆ ಹೊಸದೊಂದು ವಿಳಾಸ ಸಿಕ್ಕಿದೆ. ಅಮ್ಮನ ತವರು ಇಲ್ಲಿಗೆ ಹತ್ತಿರ. ಸೋದರಮಾವ ಸುಂಕಾಪುರದ ಪ್ರತಿಭಟನೆಗೆ ಹೋಗಿ ಬಂದವರು. ಯಾವ ಪಕ್ಷದ ಕರೆಗೆ ಹೋದಿರಿ ಎಂದು ತಮ್ಮ ಕೇಳಿದ್ದಕ್ಕೆ, ‘ನೀರಿಗೆ ಯಾವ ಪಕ್ಷನಪ್ಪ? ನಾಳೆ ಇವರು ಅಧಿಕಾರಕ್ಕೆ ಬಂದರೆ ಇವರೂ ಅದನ್ನೇ ಮಾಡಿದರೆ ಇವರ ಎದುರಿಗೂ ಹೋಗ್ತೀವಿ’ ಎಂದರು.

ಮಾವನ ಮಾತಿನಲ್ಲಿ ತೂಕವಿದೆ. ಇದೇ ಯೋಜನೆಯ ಚರಿತ್ರೆಯನ್ನು ಗಮನಿಸಿದರೆ, ಸರ್ಕಾರಗಳು ಬದಲಾದಂತೆ ಅದು ಎದ್ದು, ಬಿದ್ದು, ಮತ್ತೆ ಎದ್ದಿದೆ. ಒಂದು ಕಾಲಕ್ಕೆ ಅಧಿಕಾರದಲ್ಲಿ ಜೊತೆಗಿದ್ದವರು ಇನ್ನೊಂದು ಕಾಲಕ್ಕೆ ಎದುರುಬದುರಾಗಿದ್ದಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ತುಮಕೂರಿನಿಂದ ಸ್ಪರ್ಧಿಸಿ ಜಿ.ಎಸ್. ಬಸವರಾಜು ಅವರ ಎದುರು ಸೋತರು. ಆ ಪ್ರಚಾರದಲ್ಲಿ ಪದೇ ಪದೇ ಕೇಳಿಬಂದ ಪ್ರಶ್ನೆ ತುಮಕೂರಿಗೆ ಹೇಮಾವತಿ ನೀರು ಬಿಡಿಸಿದವರು ಯಾರು, ತಡೆದವರು ಯಾರು ಎಂಬುದೇ. ಅಂದು ಜಗಳ ಹಾಸನ ಮತ್ತು ತುಮಕೂರು ಜಿಲ್ಲೆಗಳ ನಡುವೆ ಇತ್ತು. ಆರು ವರ್ಷಗಳ ನಂತರ ಅದೇ ಜಗಳ ತುಮಕೂರಿನೊಳಗೆ ಗುಬ್ಬಿ ಮತ್ತು ಕುಣಿಗಲ್ ನಡುವೆ ಬಂದು ನಿಂತಿತು. ನಾಳೆ ಕುಣಿಗಲ್ ಮತ್ತು ಮಾಗಡಿಯ ನಡುವೆ ಬರಬಹುದು. ಕೊರತೆಯ ನೀರಿನ ರಾಜಕೀಯದಲ್ಲಿ ಪ್ರತಿಯೊಬ್ಬರೂ ಯಾರಿಗೋ ಮೇಲಿನವರು, ಯಾರಿಗೋ ಕೆಳಗಿನವರು.

ಗುಬ್ಬಿಯಿಂದ ತುಮಕೂರಿನತ್ತ ಹೊರಟಾಗ ಕಾರಿನೊಳಗೇ ಒಂದು ಪುಟ್ಟ ಶಾಸನಸಭೆ ಸೇರಿತು. ಅಪ್ಪ ತಮ್ಮ ಊರಿನ ಪರ. ಕಾಲುವೆಯನ್ನೇ ಅಗಲ ಮಾಡಿ ದುರಸ್ತಿ ಮಾಡಿದರೆ ಕುಣಿಗಲ್‌ಗೂ ನೀರು ಮುಟ್ಟುತ್ತದೆ, ಕೊಳವೆ ಬೇಡ ಎಂಬುದು ಅವರ ನಿಲುವು. ಅಮ್ಮ ಮಾತ್ರ ಅತ್ತೆಯ ಪರ. ‘ಎಷ್ಟು ವರ್ಷದಿಂದ ದುರಸ್ತಿ ಅಂತಾರೆ? ಕೊನೆ ಮನೆಯವಳಿಗೆ ಬಡಿಸೋ ಹೊತ್ತಿಗೆ ಪಾತ್ರೆ ಖಾಲಿ ಆಗಿರುತ್ತೆ ಅಂತ ಗೊತ್ತಿರೋದು ಬಡಿಸೋರಿಗೆ’ ಎಂದರು. ತವರು ಗುಬ್ಬಿಯ ಕಡೆ, ಗಂಡನ ಊರು ಸಿ.ಎಸ್. ಪುರ, ಆದರೂ ಅಮ್ಮನ ಸಹಾನುಭೂತಿ ಕಾಲುವೆಯ ಕೊನೆಗಿತ್ತು. ವರ್ಷಾಂತ್ಯಕ್ಕೆ ಹದಿನೆಂಟು ತುಂಬಲಿದ್ದ ತಮ್ಮನಿಗೆ ಈ ಎರಡೂ ವಾದ ರುಚಿಸಲಿಲ್ಲ. ‘ಯಾವ ತೂಬಿನಿಂದ ಎಷ್ಟು ನೀರು ಹೋಗ್ತಿದೆ ಅಂತ ದಿನಾ ಫೋನ್‌ನಲ್ಲಿ ನೋಡೋ ಹಾಗಿದ್ರೆ ಅರ್ಧ ಜಗಳ ಇರ್ತಾನೇ ಇರ್ಲಿಲ್ಲ’ ಎಂದ. ಹುಡುಗಾಟದ ಮಾತಿನಂತೆ ಕಂಡರೂ ಚಿಕ್ಕಪ್ಪನ ಆತಂಕಕ್ಕೂ ಅತ್ತೆಯ ದೂರಿಗೂ ಏಕಕಾಲಕ್ಕೆ ಉತ್ತರವಾಗಬಲ್ಲ ಮಾತು ಅದೊಂದೇ ಆಗಿತ್ತು. ಕೊಳವೆಯೋ ಕಾಲುವೆಯೋ ಎಂಬ ತಾಂತ್ರಿಕ ಪ್ರಶ್ನೆಗಿಂತ ಮೊದಲು ಬಗೆಹರಿಯಬೇಕಾದದ್ದು ಲೆಕ್ಕದ ಮೇಲಿನ ನಂಬಿಕೆ. ಆ ನಂಬಿಕೆ ಇಲ್ಲದಿರುವಾಗ ಎಷ್ಟೇ ತಜ್ಞರ ಸಮಿತಿಗಳು ಬಂದರೂ ಅವುಗಳ ವರದಿಯನ್ನು ಒಂದು ದಡದವರು ಮಾತ್ರ ಓದುತ್ತಾರೆ.

ಹೆಣ್ಣಿನ ಓಟಿನ ವಲಸೆ

ಮನೆಮನೆಯಲ್ಲೂ ಪತ್ರಿಕೆ ಕೊಟ್ಟ ಮೇಲೆ ಹಿರಿಯರು ಕೇಳುತ್ತಿದ್ದ ಇನ್ನೊಂದು ಪ್ರಶ್ನೆ ನಮ್ಮ ಓಟಿನದು. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಿತ್ತು. ಐದು ವರ್ಷದ ಅವಧಿ ಮುಗಿಯುತ್ತ ಬಂದಿದ್ದರಿಂದ ಊರಿನಲ್ಲಿ ಹೆಸರುಗಳ ಎಣಿಕೆ ಶುರುವಾಗಿತ್ತು. ಗ್ರಾಮ ಪಂಚಾಯಿತಿಯಲ್ಲಿ ಐದಾರು ಓಟುಗಳೂ ಗೆಲುವು-ಸೋಲನ್ನು ನಿರ್ಧರಿಸಬಲ್ಲವು. ಆದ್ದರಿಂದ ಬೆಂಗಳೂರಿನಲ್ಲಿರುವ ಮಕ್ಕಳ ಹೆಸರು ಪಟ್ಟಿಯಿಂದ ಹೋಗದಂತೆ ನೋಡಿಕೊಳ್ಳುವುದು ಊರಿನ ಮುಖಂಡರಿಗೆ ಮುಖ್ಯ. ಚುನಾವಣೆಯ ಹಿಂದಿನ ರಾತ್ರಿ ಬೆಂಗಳೂರಿನಿಂದ ಹಳ್ಳಿಗಳತ್ತ ಹೊರಡುವ ವಾಹನಗಳ ಸಾಲು ಎಲ್ಲರಿಗೂ ಗೊತ್ತಿರುವಂಥದ್ದೇ. ಮತದಾರರನ್ನು ಅಭ್ಯರ್ಥಿ ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಅಜ್ಜಿ ಈ ಮಾತುಕತೆಯನ್ನು ಮೌನವಾಗಿ ಕೇಳಿಸಿಕೊಂಡು, ಅಕ್ಕನ ಕಡೆ ತಿರುಗಿ, ‘ಇವಳ ಓಟು ಹೆಂಗೂ ತಿಪಟೂರಿಗೆ ಹೋಗುತ್ತೆ. ಹೆಣ್ಣುಮಕ್ಕಳ ಓಟು ತವರಲ್ಲಿ ನಿಂತದ್ದು ಯಾವಾಗ?’ ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಮನೆಯ ಹೆಂಗಸರ ಲೆಕ್ಕ ಹಾಕಿದೆ. ಅಜ್ಜಿ ಬೇರೆ ಊರಿನಿಂದ ಬಂದವರು. ಅಮ್ಮನ ಹೆಸರು ಗುಬ್ಬಿಯ ಕಡೆಯಿಂದ ಸಿ.ಎಸ್. ಪುರದ ಪಟ್ಟಿಗೆ ಬಂತು. ಅತ್ತೆಯ ಹೆಸರು ಸಿ.ಎಸ್. ಪುರದಿಂದ ಕುಣಿಗಲ್‌ಗೆ ಹೋಯಿತು, ಅದರೊಂದಿಗೆ ನೀರಿನ ಬಗ್ಗೆ ಅವರ ಅಭಿಪ್ರಾಯವೂ ಹೋಯಿತು. ಅಕ್ಕನ ಹೆಸರು ಇನ್ನು ತಿಪಟೂರಿಗೆ. ಒಬ್ಬರೂ ಕ್ಷೇತ್ರವನ್ನು ತಾವಾಗಿ ಆರಿಸಿಕೊಂಡವರಲ್ಲ, ಮದುವೆ ಆರಿಸಿಕೊಟ್ಟಿತು. ಗಂಡಸರು ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಓಟನ್ನು ಊರಿನಲ್ಲೇ ಇರಿಸಿಕೊಳ್ಳುತ್ತಾರೆ, ಅದನ್ನು ನೆಲದ ಅಭಿಮಾನ ಎನ್ನುತ್ತೇವೆ. ಹೆಂಗಸರ ಓಟು ತಾಳಿಯ ಜೊತೆಗೇ ಹೊರಟುಬಿಡುತ್ತದೆ, ಅದನ್ನು ಪದ್ಧತಿ ಎನ್ನುತ್ತೇವೆ.

ಕಾನೂನು ಈ ವಿಷಯದಲ್ಲಿ ಗಂಡು-ಹೆಣ್ಣೆಂದು ಭೇದ ಮಾಡುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದ ಪಟ್ಟಿಯಲ್ಲಿ ಇರುವಂತಿಲ್ಲ. ಹೆಸರು ಇರಬೇಕಾದದ್ದು ಆ ವ್ಯಕ್ತಿ ‘ಸಾಮಾನ್ಯವಾಗಿ ವಾಸಿಸುವ’ ಕ್ಷೇತ್ರದಲ್ಲಿ. ಒಂದು ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಎನಿಸುವುದಿಲ್ಲ ಎಂದು 20ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟವರು ಹಕ್ಕು ಕಳೆದುಕೊಳ್ಳುವುದಿಲ್ಲ ಎಂದೂ ಅದೇ ಕಲಮು ಸೇರಿಸುತ್ತದೆ. ‘ತಾತ್ಕಾಲಿಕ’ ಎಂಬ ಈ ಒಂದು ಪದದ ನೆರಳಿನಲ್ಲಿ ಬೆಂಗಳೂರಿನ ಲಕ್ಷಾಂತರ ಜನ ದಶಕಗಳನ್ನೇ ಕಳೆದಿದ್ದಾರೆ.

ಇದರ ಪರಿಣಾಮ ಎರಡೂ ಕಡೆ ಕಾಣುತ್ತದೆ. ಕ್ಷೇತ್ರಗಳ ಸಂಖ್ಯೆ ನಿಗದಿಯಾಗುವುದು ಜನಸಂಖ್ಯೆಯ ಮೇಲೆ. ಗಣತಿದಾರರು ನಮ್ಮನ್ನು ಎಣಿಸುವುದು ನಾವು ವಾಸಿಸುವ ಮನೆಯಲ್ಲಿ. 2008ರ ಪುನರ್ವಿಂಗಡಣೆಯಲ್ಲಿ ತುಮಕೂರು ಜಿಲ್ಲೆ ಎರಡು ಸ್ಥಾನ ಕಳೆದುಕೊಂಡಾಗ ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೆ ಏರಿದವು. ಅಂದರೆ ನಮ್ಮಂಥ ಕುಟುಂಬಗಳು ತಲೆಯ ಎಣಿಕೆಯಿಂದ ಬೆಂಗಳೂರಿಗೆ ಶಾಸಕರನ್ನು ಕೊಟ್ಟು, ಬೆರಳಿನ ಶಾಯಿಯನ್ನು ಮಾತ್ರ ಊರಿಗೆ ಕೊಡುತ್ತಿದ್ದೇವೆ. ಊರಿಗೆ ಸ್ಥಾನ ಕಡಿಮೆಯಾಯಿತು, ನಗರದ ಮತದಾನದ ಪ್ರಮಾಣ ರಾಜ್ಯದ ಸರಾಸರಿಗಿಂತ ಬಹಳ ಕೆಳಗೇ ಉಳಿಯಿತು. ಇಬ್ಬರಿಗೂ ನಷ್ಟ.

ನಲ್ಲಿಯ ನೀರು ಎಲ್ಲಿಯದು?

ಅತ್ತೆ ಆಡಿದ ನಲ್ಲಿಯ ಮಾತಿಗೆ ಮತ್ತೆ ಬರಬೇಕು. ಹೇಮಾವತಿಯಿಂದ ತುಮಕೂರು ನಾಲೆಗೆ ಹರಿಯದೆ ಉಳಿದ ನೀರು ಕೃಷ್ಣರಾಜಸಾಗರ ಸೇರುತ್ತದೆ. ಕಾವೇರಿಯಾಗಿ ಕೆಳಗೆ ಹರಿದ ಆ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರಲಾಗುತ್ತದೆ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಅಡಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ಹೆಸರಿನಲ್ಲೇ ಬಂತು. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಸೇರ್ಪಡೆಯಾಯಿತು.

ಎಂದರೆ, ಗೊರೂರಿನಿಂದ ಹೊರಟ ನೀರಿನ ಇನ್ನೊಂದು ತುದಿಯಲ್ಲಿ ನಾವೇ ಇದ್ದೇವೆ. ಕುಣಿಗಲ್‌ಗೆ 35 ಕಿಲೋಮೀಟರ್ ಕೊಳವೆ ಹಾಕುವುದನ್ನು ಕಳ್ಳತನವೆಂದೋ ಹಕ್ಕೆಂದೋ ಬಯಲಿನಲ್ಲಿ ನಿಂತು ಜಗಳವಾಡುತ್ತೇವೆ. ಬೆಂಗಳೂರಿಗೆ ನೂರು ಕಿಲೋಮೀಟರ್ ಕೊಳವೆ ಬಂದಾಗ ಅದನ್ನು ಅಭಿವೃದ್ಧಿ ಎನ್ನುತ್ತೇವೆ. ಕುಡಿಯುವ ನೀರಿಗೆ ಆದ್ಯತೆ ಇರಬೇಕೆಂಬುದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀರಿನಲ್ಲಿ ಎಷ್ಟು ಸೋರುತ್ತದೆ, ಎಷ್ಟು ಹುಲ್ಲುಹಾಸಿಗೆ ಹೋಗುತ್ತದೆ, ಬತ್ತಿಸಿದ ಕೆರೆಗಳ ಲೆಕ್ಕವೇನು, ಬಳಸಿ ಬಿಟ್ಟ ನೀರಿನ ಶುದ್ಧೀಕರಣದ ಗತಿಯೇನು ಎಂದು ಕೇಳಬೇಕಾದವರು ಬೆಂಗಳೂರಿನ ಮತದಾರರು. ಅವರಲ್ಲಿ ಎಷ್ಟೋ ಜನರ ಓಟು ಗುಬ್ಬಿಯಲ್ಲಿದೆ, ನಾಗಮಂಗಲದಲ್ಲಿದೆ, ಹೊಳೆನರಸೀಪುರದಲ್ಲಿದೆ. ಊರಿಗೆ ಹೋಗಿ ನೀರಿಗಾಗಿ ಓಟು ಹಾಕಿ ಬಂದು, ಊರಿನ ನೀರನ್ನೇ ನಗರದಲ್ಲಿ ಲೆಕ್ಕವಿಲ್ಲದೆ ಬಳಸುವುದು ನಮ್ಮ ಇಬ್ಬಂದಿ ಬದುಕಿನ ಒಳಗುಟ್ಟು. ನಗರದ ಆಡಳಿತಕ್ಕೂ ಇದು ಅನುಕೂಲವೇ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದರೂ ಜನ ಬೀದಿಗಿಳಿಯಲಿಲ್ಲ. ತಮ್ಮದಲ್ಲದ ಊರಿನಲ್ಲಿ ಚುನಾವಣೆ ಏಕೆ ನಡೆಯಲಿಲ್ಲ ಎಂದು ಯಾರು ಕೇಳಬೇಕು?

ಈ ಎಲ್ಲ ಲೆಕ್ಕವನ್ನೂ ಕೂಡಿಸಿ ಕಳೆದು, ನನ್ನ ಹೆಸರನ್ನು ಸಿ.ಎಸ್. ಪುರದ ಪಟ್ಟಿಯಿಂದ ನಾನು ವಾಸಿಸುವ ಬೆಂಗಳೂರಿನ ಕ್ಷೇತ್ರಕ್ಕೆ ವರ್ಗಾಯಿಸಿಕೊಳ್ಳಲು ತೀರ್ಮಾನಿಸಿದ್ದೇನೆ. ಅದಕ್ಕೆ ಬೇಕಾದದ್ದು ಚುನಾವಣಾ ಆಯೋಗದ ನಮೂನೆ 8 ಮತ್ತು ವಾಸದ ಒಂದು ದಾಖಲೆ ಮಾತ್ರ. ಈ ನಿರ್ಧಾರ ಚಿಕ್ಕಪ್ಪನಿಗೆ ಹಿಡಿಸಿಲ್ಲ. ಊರಿನ ನೀರಿನ ಜಗಳ ಹೀಗಿರುವಾಗ ಒಂದು ಓಟು ಕಡಿಮೆಯಾಗುವುದು ಅವರಿಗೆ ಕೈಕೊಟ್ಟಂತೆ ಕಾಣುತ್ತದೆ. ಅವರ ನೋವನ್ನು ತಳ್ಳಿಹಾಕಲಾರೆ. ಆದರೆ ಐದು ವರ್ಷಕ್ಕೊಮ್ಮೆ ಊರಿಗೆ ಬಂದು ಗುಂಡಿ ಒತ್ತಿ ಹೋಗುವವಳಿಗಿಂತ, ನದಿಯ ಅತ್ಯಂತ ಬಾಯಾರಿದ, ಅತ್ಯಂತ ಪ್ರಬಲವಾದ ತುದಿಯಲ್ಲಿ ಕುಳಿತು ಪ್ರತಿ ಚುನಾವಣೆಯಲ್ಲೂ ನೀರಿನ ಲೆಕ್ಕ ಕೇಳುವವಳಿಂದ ಅವರ ತೋಟಕ್ಕೆ ಹೆಚ್ಚು ಉಪಯೋಗವಿದೆಯೆಂದು ನಾನು ನಂಬಿದ್ದೇನೆ. ನಮ್ಮ ಮನೆಯ ಹೆಂಗಸರಲ್ಲಿ ಮದುವೆಯ ಕಾರಣಕ್ಕಲ್ಲದೆ ಸ್ವಂತ ಅರ್ಜಿಯಿಂದ ಕ್ಷೇತ್ರ ಬದಲಿಸುತ್ತಿರುವವಳು ನಾನೇ ಮೊದಲಿಗಳು ಎಂಬ ಸಣ್ಣ ಸಮಾಧಾನವೂ ಇದರಲ್ಲಿದೆ.

ಲಿಂಕ್ ಕೆನಾಲ್‌ನ ಹಣೆಬರಹ ಏನೇ ಆಗಲಿ, ಹೇಮಾವತಿಯ ಜಗಳ ಅದರೊಂದಿಗೆ ಮುಗಿಯುವಂಥದ್ದಲ್ಲ. ಪ್ರತಿ ತೂಬಿನ ಹರಿವು ದಿನದಿನವೂ ಎಲ್ಲ ತಾಲ್ಲೂಕಿನವರ ಕಣ್ಣಿಗೆ ಕಾಣುವಂತಾಗಬೇಕು. ಮೇಲಿನವರೂ ಕೊನೆಯವರೂ ಒಟ್ಟಿಗೆ ಕೂರುವ ಜಿಲ್ಲಾ ಪಂಚಾಯಿತಿಗೆ ಅವಧಿಗೆ ಸರಿಯಾಗಿ ಚುನಾವಣೆ ನಡೆಯಬೇಕು. ನಗರವೂ ಈ ನಾಲೆಯ ಒಂದು ತೂಬೇ ಎಂದು ಎಣಿಸಿ ಅದರ ಬಳಕೆಯನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಇವುಗಳಲ್ಲಿ ಯಾವುದಕ್ಕೂ ಸಾವಿರ ಕೋಟಿ ರೂಪಾಯಿ ಬೇಕಿಲ್ಲ. ಕೇಳುವ ಮತದಾರರು ತಾವು ವಾಸಿಸುವ ಜಾಗದಲ್ಲಿ ಮತದಾರರಾಗಿದ್ದರೆ ಸಾಕು.